ಆಫ್‌ರೋಡ್ ಕ್ಯಾಂಪರ್ ಟ್ರೇಲರ್ ಮಾಡಿಸ್ತಿದ್ದೇವೆ: 68,400 ಡಾಲರ್ ಕೊಟೇಶನ್ ಬಂದಿದೆ, ಎಲ್ಲಿ ಚೌಕಾಸಿ ಮಾಡಬೇಕು?

ವೆರಿಬಿ ವಾಸಿ

ಎಲ್ಲರಿಗೂ ನಮಸ್ಕಾರ. ನಾವಿರೋದು ಮೆಲ್ಬರ್ನ್‌ನ ವೆರಿಬಿಯಲ್ಲಿ, ಮೂಲ ಅರಸೀಕೆರೆ. ಹೆಂಡತಿ, ಒಂಬತ್ತು ಮತ್ತು ಆರು ವರ್ಷದ ಎರಡು ಮಕ್ಕಳು. ಐದು ವರ್ಷ ಟೆಂಟ್ ಕಟ್ಟಿಕೊಂಡೇ ಗ್ರಾಂಪಿಯನ್ಸ್, ವಿಲ್ಸನ್ಸ್ ಪ್ರಾಮ್, ಫ್ಲಿಂಡರ್ಸ್ ರೇಂಜಸ್ ಎಲ್ಲ ತಿರುಗಿದ್ದೇವೆ. ಬರುವ ಚಳಿಗಾಲದ ರಜೆಗೆ ಊಡ್ನಡಾಟ ಟ್ರ್ಯಾಕ್, ಆಮೇಲೊಂದು ವರ್ಷ ಗಿಬ್ ರಿವರ್ ರೋಡ್ ಅಂತ ಆಸೆ, ಎರಡೂ ದೂರದ ಒರಟು ರಸ್ತೆಗಳು. ಗಾಡಿ 2018 ರ ಟೊಯೋಟಾ ಪ್ರಾಡೊ ಡೀಸೆಲ್ ಆಟೋಮ್ಯಾಟಿಕ್, 3,000 ಕೆಜಿ ಎಳೆಯುತ್ತೆ.

ಕ್ಯಾಂಪ್‌ಬೆಲ್‌ಫೀಲ್ಡ್ ಕಡೆ ಒಬ್ಬ ಸಣ್ಣ ಬಿಲ್ಡರ್ ಹತ್ತಿರ ನಮಗೆ ಬೇಕಾದ ಹಾಗೆ ಟ್ರೇಲರ್ ಮಾಡಿಸೋಣ ಅಂತ ಹೋಗಿದ್ವಿ. ಐದಾರು ಜನ ಕೆಲಸಗಾರರು, ಒಂದು ಸಲಕ್ಕೆ ಮೂರು ಟ್ರೇಲರ್ ಮಾತ್ರ ಶೆಡ್‌ನಲ್ಲಿರುತ್ತೆ. ಮನುಷ್ಯ ಒಳ್ಳೆಯವರು, ಎರಡು ಗಂಟೆ ಕೂತು ಮಾತಾಡಿದರು. ಕೊಟೇಶನ್ 68,400 ಡಾಲರ್, ಜಿಎಸ್‌ಟಿ ಸೇರಿ. ಖಾಲಿ ತೂಕ 1,450 ಕೆಜಿ, ಎಟಿಎಂ, ಅಂದರೆ ಸಾಮಾನು ತುಂಬಿದ ಮೇಲೆ ಟ್ರೇಲರ್‌ನ ಗರಿಷ್ಠ ತೂಕ, 2,200. ಶುರುವಿಗೆ 20 ಪರ್ಸೆಂಟ್, ಚಾಸಿ ಆದಮೇಲೆ 40, ಕೊಡುವ ಮುಂಚೆ 40. ಇಪ್ಪತ್ತೆರಡು ವಾರದಲ್ಲಿ ಕೊಡ್ತಾರಂತೆ.

ನಮ್ಮ ಬಜೆಟ್ 60,000. ಊರಲ್ಲಾಗಿದ್ದರೆ ನಮ್ಮಪ್ಪ ಬಂದು ಎಂಟು ಸಾವಿರ ಇಳಿಸಿಯೇ ಎದ್ದೇಳುತ್ತಿದ್ದರು. ನನಗೆ ಇಲ್ಲಿನ ರೀತಿ ಗೊತ್ತಿಲ್ಲ. ನೇರವಾಗಿ 60 ಸಾವಿರಕ್ಕೆ ಕೊಡಿ ಅಂತ ಕೇಳಲಾ? ಮಾಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಇದು ನಮ್ಮ ನಾಲ್ಕು ವರ್ಷದ ಉಳಿತಾಯ.

ಕೆಂಪುಮಣ್ಣು

ಪರ್ತ್‌ನಿಂದ. ಗಿಬ್ ಎರಡು ಸಲ, ಬರ್ಡ್ಸ್‌ವಿಲ್ ಟ್ರ್ಯಾಕ್ ಒಂದು ಸಲ ಮುಗಿಸಿದ್ದೇನೆ. ಈಗಿರೋದು ನಾನು ಮಾಡಿಸಿದ ಎರಡನೇ ಟ್ರೇಲರ್. ಮೊದಲನೆಯದರಲ್ಲಿ ನೀವು ಈಗ ಮಾಡಬೇಕು ಅಂತಿರುವ ತಪ್ಪನ್ನೇ ನಾನು ಮಾಡಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಟ್ಟು ಮೊತ್ತ ಹಿಡಿದು ಎಳೆಯಬೇಡಿ. ನಾನು ಹಾಗೇ ಎಳೆದೆ, 54 ಸಾವಿರ ಹೇಳಿದ್ದನ್ನು 49ಕ್ಕೆ ತಂದೆ, ಮನೆಗೆ ಬಂದು ಸ್ವೀಟ್ ಹಂಚಿದೆ. ಬಿಲ್ಡರ್ ಮೋಸಗಾರ ಏನಲ್ಲ. ಅವನಿಗೆ ಐದು ಸಾವಿರ ಎಲ್ಲಿಂದಲೋ ಬರಬೇಕಿತ್ತು, ಬಂತು. 12 ಇಂಚಿನ ಬ್ರೇಕ್ ಇರಬೇಕಾದ ಕಡೆ 10 ಇಂಚು ಬಂತು. ಒಂದೊಂದು ಚಕ್ರಕ್ಕೆ ಎರಡೆರಡು ಶಾಕ್ ಅಬ್ಸಾರ್ಬರ್ ಅಂತ ಮಾತಲ್ಲಿ ಹೇಳಿದ್ದು ಒಂದೊಂದೇ ಆಯಿತು. ನೀರಿನ ಟ್ಯಾಂಕ್ ಕೆಳಗಿನ ಸ್ಟೀಲ್ ತಗಡು ಮಾಯವಾಯಿತು. ಯಾವುದೂ ಬರಹದಲ್ಲಿ ಇರಲಿಲ್ಲ, ಹಾಗಾಗಿ ಕೇಳೋ ಬಾಯಿ ನನಗಿರಲಿಲ್ಲ. ಗಿಬ್‌ನಲ್ಲಿ ಮೌಂಟ್ ಬಾರ್ನೆಟ್ ದಾಟೋ ಹೊತ್ತಿಗೆ ಒಂದು ಕಡೆಯ ಶಾಕ್ ಎಣ್ಣೆ ಕಕ್ಕಿ ಸತ್ತಿತ್ತು, ಟ್ಯಾಂಕ್‌ಗೆ ಕಲ್ಲು ಬಡಿದು ನೀರೆಲ್ಲ ಹೋಗಿತ್ತು. ಆ 660 ಕಿಲೋಮೀಟರ್ ದಾರಿಯಲ್ಲಿ ಗಾಡಿ ಗ್ಯಾರೇಜ್ ಬೀದಿಗೊಂದು ಇರಲ್ಲ.

ಇನ್ನೊಂದು ವಿಷಯ. ಚಿಕ್ಕಪೇಟೆಯಲ್ಲಿ ಚೌಕಾಸಿ ನಡೆಯೋದು ಯಾಕೆ? ಸೀರೆ ಆಗಲೇ ನೇಯ್ದು ಕಪಾಟಿನಲ್ಲಿ ಕೂತಿದೆ. ಕಡಿಮೆಗೆ ಕೊಟ್ಟರೂ ಆ ಸೀರೆಯ ಎಳೆ ಕಡಿಮೆ ಆಗಲ್ಲ. ನಿಮ್ಮ ಟ್ರೇಲರ್ ಇನ್ನೂ ಕಬ್ಬಿಣದ ಅಂಗಡಿಯಲ್ಲಿದೆ. ನೀವು ಇಳಿಸುವ ಒಂದೊಂದು ಡಾಲರೂ ಅದರೊಳಗಿಂದ ಹೋಗಬಹುದು.

ಹಾಗಾದರೆ ಏನು ಕೇಳಬೇಕು? ಕೊಟೇಶನ್ ಅನ್ನು ಬಿಡಿಬಿಡಿಯಾಗಿ ಕೇಳಿ, ಒಂದೊಂದು ಐಟಂಗೆ ಒಂದೊಂದು ಬೆಲೆ. ಆಮೇಲೆ ನಿಮಗೆ ಬೇಡದ್ದನ್ನು ನೀವೇ ತೆಗೆಯಿರಿ. ತೆಗೆಯುವ ಪೆನ್ಸಿಲ್ ನಿಮ್ಮ ಕೈಯಲ್ಲಿರಬೇಕು.

ಕರಾವಳಿ ಸಿಡ್ನಿ

ಕೆಂಪುಮಣ್ಣು ಅವರ ಮಾತನ್ನು ಪೂರ್ತಿ ಒಪ್ಪಲಾರೆ. ನಾನು ಇಲ್ಲಿ ಕ್ಯಾರವಾನ್ ಶೋದಲ್ಲಿ ಹೈಬ್ರಿಡ್ ಕ್ಯಾಂಪರ್ ತಗೊಂಡೆ, 4,500 ಇಳಿಸಿದೆ, ಮೇಲೆ ಅನೆಕ್ಸ್ ಟೆಂಟ್ ಉಚಿತ. ಒಂದು ಸ್ಕ್ರೂ ಕೂಡ ಕಡಿಮೆ ಬಂದಿಲ್ಲ. ಇಲ್ಲಿನವರು ಚೌಕಾಸಿ ಮಾಡಲ್ಲ ಅನ್ನೋದು ನಮ್ಮವರ ಸಂಕೋಚ ಅಷ್ಟೇ. ನಗುತ್ತಾ ಒಮ್ಮೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲ್ಲ.

ಕೆಂಪುಮಣ್ಣು

ನೀವು ತಗೊಂಡಿದ್ದು ಡೀಲರ್ ಹತ್ತಿರ, ಶೋದಲ್ಲಿ ನಿಲ್ಲಿಸಿದ್ದ ತಯಾರಾದ ಮಾಲು, ಅಲ್ಲವಾ? ಅದಕ್ಕೆ ನೀವು ಮಾಡಿದ್ದು ಸರಿಯೇ. ಡೀಲರ್‌ಗೆ ಮಾರ್ಜಿನ್ ಇರುತ್ತೆ, ಮಾಲು ನಿಂತಷ್ಟು ದಿನ ಬಡ್ಡಿ ಕಟ್ಟಬೇಕು, ಜೂನ್ 30ಕ್ಕೆ ಲೆಕ್ಕದ ವರ್ಷ ಮುಗಿಯೋ ಮೊದಲು ಖಾಲಿ ಮಾಡೋ ಆತುರ ಇರುತ್ತೆ. ವೆರಿಬಿಯವರ ಬಿಲ್ಡರ್ ಹತ್ತಿರ ಮಾರಾಟವಾಗದೆ ನಿಂತ ಮಾಲೇ ಇಲ್ಲ. ಕೇಳಬೇಡಿ ಅಂತಿಲ್ಲ ನಾನು. ಯಾವುದನ್ನು ಕೇಳಬೇಕು ಅಂತ ಹೇಳ್ತಿದ್ದೇನೆ.

ಕರಾವಳಿ ಸಿಡ್ನಿ

ಹೌದು, ಶೋ ಮಾಲು. ಆ ವ್ಯತ್ಯಾಸ ನಾನು ಯೋಚಿಸಿರಲಿಲ್ಲ. ಒಪ್ಪಿದೆ.

ಪೀಣ್ಯ ಫ್ಯಾಬ್ರಿಕೇಟರ್

ನಾನು ಬೆಂಗಳೂರಲ್ಲಿರೋನು. ತಮ್ಮ ಬ್ರಿಸ್ಬೇನ್‌ನಲ್ಲಿರೋದರಿಂದ ಇಲ್ಲಿ ಓದ್ತಾ ಇರ್ತೀನಿ. ಇಪ್ಪತ್ತು ವರ್ಷದಿಂದ ಪೀಣ್ಯದಲ್ಲಿ ವೆಲ್ಡಿಂಗ್ ಕೆಲಸ, ಟ್ರ್ಯಾಕ್ಟರ್ ಟ್ರೇಲರ್‌ನಿಂದ ಟವರ್ ತನಕ. ದೇಶ ಯಾವುದಾದರೂ ಕಬ್ಬಿಣ ಒಂದೇ.

ವೆರಿಬಿ ಸರ್, ನಿಮ್ಮ ಕೊಟೇಶನ್‌ನಲ್ಲಿ ಚಾಸಿ ಬಗ್ಗೆ ಏನು ಬರೆದಿದೆ, ಪದ ಪದ ಹಾಕಿ. ಬರೀ 'ಗ್ಯಾಲ್ವನೈಸ್ಡ್ ಚಾಸಿ' ಅಂತಿದ್ದರೆ ಅದರಲ್ಲಿ ಎರಡು ಅರ್ಥ ಇದೆ.

ಒಂದು: ಕಪ್ಪು ಪೈಪ್‌ನಲ್ಲಿ ಇಡೀ ಚಾಸಿ ವೆಲ್ಡ್ ಮಾಡಿ ಮುಗಿಸಿ, ಆಮೇಲೆ ಪೂರ್ತಿಯಾಗಿ ಸುಮಾರು 450 ಡಿಗ್ರಿ ಕಾದ ಸತುವಿನ ತೊಟ್ಟಿಯಲ್ಲಿ ಮುಳುಗಿಸೋದು. ಬಾಕ್ಸ್ ಪೈಪ್‌ನ ಒಳಗೂ ಹೊರಗೂ ವೆಲ್ಡ್ ಮೇಲೂ ಸತು ಹಿಡಿಯುತ್ತೆ. ಇದಕ್ಕೆ ಪ್ರತಿ ಪೈಪ್‌ಗೂ ಗಾಳಿ ಹೋಗೋ ತೂತು ಮೊದಲೇ ಇಟ್ಟಿರಬೇಕು. ಮುಚ್ಚಿದ ಪೈಪ್ ಕಾದ ಸತುವಿಗೆ ಇಳಿದರೆ ಸಿಡಿಯುತ್ತೆ, ಆಳು ಸಾಯಬಹುದು. ಹಾಗಾಗಿ ಚಾಸಿ ನೋಡಿದಾಗ ಮೂಲೆಗಳಲ್ಲಿ ಆ ತೂತು ಇದೆಯಾ ಅಂತ ನೋಡಿ, ಮುಳುಗಿಸಿದ್ದಾರೋ ಇಲ್ಲವೋ ತಿಳಿಯುತ್ತೆ.

ಎರಡು: ಮೊದಲೇ ಸತು ಬಳಿದ ಪೈಪ್ ತಂದು, ಕತ್ತರಿಸಿ ವೆಲ್ಡ್ ಮಾಡಿ, ಸುಟ್ಟ ಜಾಗಕ್ಕೆ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆಯೋದು. ಕಾಣೋದಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಥರ. ತುಕ್ಕು ಶುರುವಾಗೋದು ವೆಲ್ಡ್ ಜಾಗದಿಂದಲೇ, ಒತ್ತಡ ಜಾಸ್ತಿ ಬೀಳೋದೂ ಅಲ್ಲೇ.

ಇನ್ನೊಂದು ಪ್ರಶ್ನೆ ಕೇಳಿ: ಡ್ರಾಬಾರ್ (ಕಾರಿಗೆ ಜೋಡಿಸೋ ಮುಂಚಾಚು) ಚಾಸಿಯ ಮುಂದಿನ ಅಡ್ಡಪಟ್ಟಿಗೆ ಬಂದು ಅಲ್ಲೇ ವೆಲ್ಡ್ ಆಗುತ್ತೋ, ಇಲ್ಲ ಕೆಳಗಿಂದ ಹಿಂದಕ್ಕೆ ಹರಿದು ಸಸ್ಪೆನ್ಷನ್ ಹಿಡಿಯುವ ಜಾಗದ ತನಕ ಹೋಗುತ್ತೋ? ಬಿರುಕು ಬಿಡೋದು ಆ ಸೇರುವ ಜಾಗದಲ್ಲಿ. ಕೆಟ್ಟ ರಸ್ತೆಯಲ್ಲಿ ಅದು ದಿನಕ್ಕೆ ಸಾವಿರಾರು ಸಲ ಬಾಗಿ ಏಳುತ್ತೆ. ಮುಳುಗಿಸಿ ಬಂದ ಮೇಲೆ ವೈರ್ ಹಾಯಿಸೋಕೆ ಅಂತ ಡ್ರಾಬಾರ್‌ನ ಮೇಲೆ ಕೆಳಗೆ ಡ್ರಿಲ್ ಮಾಡಲೂ ಬಿಡಬೇಡಿ.

ಬೆಲೆ ಕಡಿಮೆ ಮಾಡಿ ಅಂದಾಗ ಮೊದಲು ಹೋಗೋದು ಇವೇ. ಯಾಕಂದ್ರೆ ಗಿರಾಕಿ ಕೆಳಗೆ ಬಗ್ಗಿ ನೋಡಲ್ಲ. ಕೆಲಸ ಗೊತ್ತಿರೋನಾಗಿ ನೋವಿನಿಂದ ಹೇಳ್ತಿದ್ದೀನಿ.

ವೆರಿಬಿ ವಾಸಿ

ಕೊಟೇಶನ್‌ನಲ್ಲಿ ಇರೋದು 'ಗ್ಯಾಲ್ವನೈಸ್ಡ್ 100×50×3 ಆರ್‌ಎಚ್‌ಎಸ್' (ಆಯತಾಕಾರದ ಬಾಕ್ಸ್ ಪೈಪ್) ಅಂತ ಅಷ್ಟೇ. ನನಗೆ ಎರಡು ಥರ ಇದೆ ಅಂತಲೇ ಗೊತ್ತಿರಲಿಲ್ಲ. ಬಹಳ ಉಪಕಾರ ಆಯಿತು ಸರ್, ನಾಳೆಯೇ ಕೇಳ್ತೇನೆ.

ಧಾರವಾಡದಾಂವ

ಸರ, ನಾ ಬ್ರಿಸ್ಬೇನ್‌ದಾಗ ಇರ್ತೀನಿ. ಎಲ್ಲಾರೂ ಕಬ್ಬಿಣದ ಬಗ್ಗೆ ಹೇಳ್ಯಾರ, ನಾ ರೊಕ್ಕ ಕೊಡೋ ರೀತಿ ಬಗ್ಗೆ ಹೇಳ್ತೀನಿ. ಇದನ್ನ ಬರೀಲಿಕ್ಕೆ ಇವತ್ತಿಗೂ ಕೈ ನಡಗತಾವ.

ಮೂರು ವರ್ಷದ ಹಿಂದ ನಾವೂ ಒಂದು ಟ್ರೇಲರ್ ಮಾಡಿಸಲಿಕ್ಕೆ ಕೊಟ್ಟಿದ್ವಿ. 40 ಸಾವಿರದ್ದು. ನಾ ರೇಟ್ ಕಡಿಮಿ ಮಾಡ್ರಿ ಅಂದೆ. ಬಿಲ್ಡರ್ ಅಂದ, 'ಮುಂಗಡ 10ರ ಬದಲಿ 40 ಪರ್ಸೆಂಟ್ ಕೊಡ್ರಿ, 5 ಪರ್ಸೆಂಟ್ ಬಿಡ್ತೀನಿ.' ಎರಡು ಸಾವಿರ ಉಳೀತು ಅಂತ ಖುಷಿಯಿಂದ 16 ಸಾವಿರ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದೆ. ನಾಕು ತಿಂಗಳ ಆದ ಮ್ಯಾಲೆ ಫೋನ್ ಎತ್ತೋದು ಬಿಟ್ಟ. ಆರನೇ ತಿಂಗಳಿಗೆ ಕಂಪನಿ ದಿವಾಳಿ ಆಗಿ ಲಿಕ್ವಿಡೇಶನ್‌ಗೆ ಹೋತು. ಮುಂಗಡ ಕೊಟ್ಟ ಗಿರಾಕಿಗಳ ಪಾಳಿ ಎಲ್ಲಾರ ಹಿಂದ. ಒಂದು ಸೆಂಟ್ ಸುದ್ದಾ ವಾಪಸ್ ಬರಲಿಲ್ಲ. ನಮ್ಮ ಮನಿಯಾಕಿ ಅದರ ಬಗ್ಗೆ ಇವತ್ತಿಗೂ ಒಂದ ಮಾತು ಅಂದಿಲ್ಲ, ಅದ ಹೆಚ್ಚು ನೋವು.

ಜಾಸ್ತಿ ಮುಂಗಡಕ್ಕ ಡಿಸ್ಕೌಂಟ್ ಅಂದ್ರ ಅಂವಗ ಕೈಯಾಗ ರೊಕ್ಕಿಲ್ಲ ಅಂತ ಅರ್ಥ ಮಾಡ್ಕೋರಿ. ನಿಮ್ಮ ಬಿಲ್ಡರ್ ಹಂಗ ಅಂತ ನಾ ಅನ್ನಂಗಿಲ್ಲ. ಆದ್ರ 20 ಪರ್ಸೆಂಟ್ ಭಾಳ ಆತು. 10ಕ್ಕ ತರ್ರಿ. ಬೆಲೆಕಿಂತ ಮೊದಲ ಇದನ್ನ ಚೌಕಾಸಿ ಮಾಡ್ರಿ.

ಕರಾವಳಿ ಸಿಡ್ನಿ

ಧಾರವಾಡದವರೇ, ಇದನ್ನು ಬರೆದದ್ದಕ್ಕೆ ನಮಸ್ಕಾರ. ನಾನು ಅಕೌಂಟ್ಸ್ ಕೆಲಸದವನು, ವಕೀಲ ಅಲ್ಲ. ಆದರೂ ದಿನಾ ನೋಡುವ ವಿಷಯವಾದ್ದರಿಂದ ನಾಲ್ಕು ಮಾತು.

ಮುಂಗಡವನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿ. ಒಂದೂವರೆ ಪರ್ಸೆಂಟ್ ಸರ್‌ಚಾರ್ಜ್ ಹಾಕಿದರೂ ಹಾಕಲಿ. ವಸ್ತು ಬರದಿದ್ದರೆ ಬ್ಯಾಂಕ್ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣ ವಾಪಸ್, ಕೇಳುವ ದಾರಿ ಇರುತ್ತದೆ. ಅದಕ್ಕೆ ಗಡುವು ಇದೆ, ಕಾರ್ಡ್ ಕೊಟ್ಟ ಬ್ಯಾಂಕನ್ನು ಮೊದಲೇ ಕೇಳಿಡಿ. ಬ್ಯಾಂಕ್ ಟ್ರಾನ್ಸ್‌ಫರ್‌ಗೆ ಆ ದಾರಿಯೇ ಇಲ್ಲ.

ಮುಂದಿನ ಕಂತುಗಳು ಕ್ಯಾಲೆಂಡರ್ ನೋಡಿ ಬೇಡ, ಕೆಲಸ ನೋಡಿ ಇರಲಿ. ಚಾಸಿ ಗ್ಯಾಲ್ವನೈಸಿಂಗ್‌ನಿಂದ ವಾಪಸ್ ಬಂದು, ಅದರ ಮೇಲೆ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಬಿದ್ದು, ಆ ನಂಬರ್ ನಿಮ್ಮ ಒಪ್ಪಂದದಲ್ಲಿ ಬರೆದ ಮೇಲೆ ಎರಡನೇ ಕಂತು. ಕಟ್ಟಿದಷ್ಟಕ್ಕೆ ಆ ಚಾಸಿಯ ಮೇಲೆ ನಿಮಗೆ ಹಕ್ಕು ಇದೆ ಅಂತ ಒಪ್ಪಂದದಲ್ಲಿ ಬರೆಸಿ ಪಿಪಿಎಸ್‌ಆರ್‌ನಲ್ಲಿ, ಅಂದರೆ ವಸ್ತುಗಳ ಮೇಲಿನ ಸಾಲ ಮತ್ತು ಹಕ್ಕುಗಳ ಸರ್ಕಾರಿ ದಾಖಲೆಯಲ್ಲಿ, ನೋಂದಾಯಿಸುವ ಕ್ರಮವೂ ಇದೆ. ಅದಕ್ಕೆ ವಕೀಲರ ಒಂದು ಗಂಟೆಯ ಫೀಸ್ ಕೊಡಿ, ದಂಡವಲ್ಲ. ಕೊನೆಗೆ ಟ್ರೇಲರ್ ತರುವ ದಿನವೂ ವಿನ್ ಹಾಕಿ 2 ಡಾಲರ್‌ನ ಪಿಪಿಎಸ್‌ಆರ್ ಹುಡುಕಾಟ ಮಾಡಿ, ಬೇರೆಯವರ ಸಾಲ ಅದರ ಮೇಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಕಾನೂನಿನ ಬೆಂಬಲ ನಿಮ್ಮ ಕಡೆ ಇದೆ. ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ಪ್ರಕಾರ ಗ್ರಾಹಕ ಖಾತ್ರಿಗಳ ಮಿತಿ 2021 ರ ಜುಲೈ 1 ರಿಂದ 40,000 ದಿಂದ 1,00,000 ಡಾಲರ್‌ಗೆ ಏರಿದೆ. ನೀವು ಯಾವ ಉದ್ದೇಶಕ್ಕೆ ಅಂತ ಹೇಳಿ ಮಾಡಿಸುತ್ತೀರೋ ಆ ಉದ್ದೇಶಕ್ಕೆ ಅದು ತಕ್ಕುದಾಗಿರಬೇಕು. ಹಾಗಾಗಿ ಒಂದು ಇಮೇಲ್ ಹಾಕಿ: 'ನಾವು ಇದನ್ನು ಊಡ್ನಡಾಟ ಟ್ರ್ಯಾಕ್‌ಗೆ, ಗಿಬ್ ರಿವರ್ ರೋಡ್‌ಗೆ ಒಯ್ಯುತ್ತೇವೆ, ಪ್ರಾಡೊದಲ್ಲಿ ಎಳೆಯುತ್ತೇವೆ, ನಾಲ್ಕು ಜನ.' ಅವರು 'ಸರಿ' ಅಂತ ಉತ್ತರ ಕೊಟ್ಟರೆ ಆ ಉತ್ತರವೇ ನಿಮ್ಮ ಗಟ್ಟಿ ದಾಖಲೆ. ಹೆಸರಿಗೆ ಆಫ್‌ರೋಡ್ ಅಂತ ಮಾರಿ, ವಾರಂಟಿಯ ಸಣ್ಣಕ್ಷರದಲ್ಲಿ 'ಮಣ್ಣಿನ ರಸ್ತೆಗೆ ಒಯ್ದರೆ ವಾರಂಟಿ ಇಲ್ಲ' ಅಂತ ಬರೆಯುವವರಿದ್ದಾರೆ. ಸಹಿ ಹಾಕುವ ಮೊದಲು ವಾರಂಟಿ ಪುಟ ತರಿಸಿ ಓದಿ.

ಟ್ರೇಲರ್ ಆರ್‌ಎವಿ ಪಟ್ಟಿಗೆ, ಅಂದರೆ ಒಪ್ಪಿಗೆ ಪಡೆದ ವಾಹನಗಳ ಸರ್ಕಾರಿ ಪಟ್ಟಿಗೆ, ಸೇರಿರಬೇಕು. 2018 ರ ರೋಡ್ ವೆಹಿಕಲ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್ ಜಾರಿಗೆ ಬಂದ ಮೇಲೆ ಅದಿಲ್ಲದೆ ಹೊಸ ಟ್ರೇಲರ್ ಮಾರುವ ಹಾಗಿಲ್ಲ. ವಿನ್ ಹಾಕಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಅಡಿಲೇಡ್ ಅಕ್ಕ

ಎಲ್ಲರೂ ಟ್ರೇಲರ್ ಕೆಳಗೇ ಇದ್ದೀರಿ, ನಾನು ಅಡುಗೆ ಕಡೆಯಿಂದ ಹೇಳ್ತೀನಿ. ನಿಮ್ಮ ಎಂಟು ಸಾವಿರದಲ್ಲಿ ಮೂರು ಸಾವಿರ ಅಲ್ಲೇ ಸಿಗುತ್ತೆ.

ಹೊರಗೆ ಜಾರುವ ಸ್ಟೀಲ್ ಅಡುಗೆಮನೆ ಅಂತ ಬಿಲ್ಡರ್‌ಗಳು ಹಾಕೋದು ಬಹಳ ಚಂದ. ಆದರೆ ಅದರ ಮೂರು ಬರ್ನರ್ ಒಲೆ ಇಕ್ಕಟ್ಟು. ಹನ್ನೆರಡು ಇಂಚಿನ ದೋಸೆ ಕಾವಲಿ ಇಟ್ಟರೆ ಪಕ್ಕದ ಎರಡು ಬರ್ನರ್ ಮುಚ್ಚಿ ಹೋಗುತ್ತೆ, ಕುಕ್ಕರ್ ಇಡೋಕೆ ಜಾಗ ಇಲ್ಲ, ಸಿಂಕ್ ಒಂದು ಚೊಂಬು ತೊಳೆಯುವಷ್ಟು. ನಾವು ಅದನ್ನ ಬೇಡ ಅಂದು, ಗಟ್ಟಿ ಡ್ರಾಯರ್, ಮಡಚುವ ಟೇಬಲ್, ಮತ್ತೆ ಊರ ಮದುವೆ ಮನೆಯಲ್ಲಿ ಇಡ್ತಾರಲ್ಲ ಅಂಥದ್ದರ ಚಿಕ್ಕದು, ಎರಡು ಬರ್ನರ್‌ನ ಬಿಡಿ ಒಲೆ ಇಟ್ಟುಕೊಂಡಿದ್ದೇವೆ. ಗಾಳಿಗೆ ಮೂರು ಕಡೆ ತಗಡು. ಐದು ವರ್ಷದಲ್ಲಿ ಒಂದು ದಿನವೂ ತೊಂದರೆ ಇಲ್ಲ.

ಅಡುಗೆ ಎಡಗಡೆಗೆ ತೆರೆಯಲಿ. ಇಲ್ಲಿ ರಸ್ತೆಯ ಎಡಕ್ಕೆ ನಿಲ್ಲಿಸೋದು, ಬಲಗಡೆ ತೆರೆದರೆ ಬೆನ್ನ ಹಿಂದೆ ರೋಡ್ ಟ್ರೇನ್ (ಹಲವು ಟ್ರೇಲರ್ ಎಳೆಯೋ ಉದ್ದ ಲಾರಿ) ಹೋಗುತ್ತೆ. ಧೂಳಿಗೆ ಬಾಗಿಲ ರಬ್ಬರ್ ಎರಡು ಸಾಲು ಕೇಳಿ. ಊಡ್ನಡಾಟದ ಧೂಳು ಅಂದರೆ ಹಿಟ್ಟಿನ ಗಿರಣಿ ಇದ್ದ ಹಾಗೆ, ಅಕ್ಕಿ ಡಬ್ಬಿ ಒಳಗೂ ಹೋಗುತ್ತೆ.

ಏಸಿ ಹಾಕಿದ್ದಾರಾ ಕೊಟೇಶನ್‌ನಲ್ಲಿ? ಜುಲೈಯಲ್ಲಿ ಮರುಭೂಮಿಯಲ್ಲಿ ರಾತ್ರಿ ಕೈ ಮರಗಟ್ಟೋ ಚಳಿ. ಏಸಿ ತೆಗೀರಿ, ಡೀಸೆಲ್ ಹೀಟರ್ ಇರಲಿ. ಮಕ್ಕಳಿದ್ದಾರೆ.

ವೆರಿಬಿ ವಾಸಿ

ಅಕ್ಕಾ, ಏಸಿ ಇದೆ! ಅದನ್ನು ನಡೆಸೋಕೆ ಅಂತಲೇ 3,000 ವಾಟ್ ಇನ್ವರ್ಟರ್ ಕೂಡ. ನನ್ನ ಹೆಂಡತಿ ನಿಮ್ಮ ಮಾತನ್ನು ಮೂರು ಸಲ ಓದಿದಳು. ಕಾವಲಿ ವಿಷಯಕ್ಕೆ 'ನಾನು ಮೊದಲೇ ಹೇಳಿದ್ದೆ' ಅಂದಳು, ನಿಜಕ್ಕೂ ಹೇಳಿದ್ದಳು.

ಬ್ಯಾಲರಾಟ್ ವೈರ್‌ಮನ್

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನಾನು. ಬ್ಯಾಟರಿ ಎಲ್ಲಿ ಕೂರುತ್ತೆ ಅಂತ ಕೇಳಿ. ಲಿಥಿಯಂ ಬ್ಯಾಟರಿಯನ್ನು ಹಾಸಿಗೆ ಕೆಳಗೆ ಸುಮ್ಮನೆ ಇಡುತ್ತಿದ್ದ ಕಾಲ ಮುಗಿಯಿತು. ಇಲ್ಲಿನ ವೈರಿಂಗ್ ಮಾನದಂಡ ಎಎಸ್/ಎನ್‌ಜೆಡ್‌ಎಸ್ 3001.2 ರ 2022 ರ ಆವೃತ್ತಿ ಪ್ರಕಾರ ಮಲಗುವ ಜಾಗಕ್ಕೆ ಅದು ತೆರೆದಿರಬಾರದು, ಗಾಳಿ ಹೊರಗೆ ಹೋಗುವ ಹಾಗೆ ಪ್ರತ್ಯೇಕ ಪೆಟ್ಟಿಗೆ ಬೇಕು. ಟ್ರೇಲರ್ ಬ್ಯಾಟರಿ ಚಾರ್ಜ್ ಮಾಡಲು ಕಾರಿನಿಂದ ಬರುವ ಆ್ಯಂಡರ್‌ಸನ್ ಪ್ಲಗ್ ವೈರ್ ಕನಿಷ್ಠ 13.5 ಚದರ ಮಿಲಿಮೀಟರ್ ತಾಮ್ರ ಇರಲಿ. ತೆಳು ವೈರ್ ಹಾಕಿದರೆ ಮೂವತ್ತು ನಲವತ್ತು ಡಾಲರ್ ಉಳಿಯುತ್ತೆ, ಬ್ಯಾಟರಿ ಮಾತ್ರ ಎಂದೂ ಪೂರ್ತಿ ತುಂಬಲ್ಲ. ಗ್ಯಾಸ್ ಕೆಲಸಕ್ಕೆ ಲೈಸೆನ್ಸ್ ಇರುವ ಗ್ಯಾಸ್‌ಫಿಟ್ಟರ್ ಸಹಿ ಮಾಡಿದ ಸರ್ಟಿಫಿಕೇಟ್ ಕೈಗೆ ಬರಬೇಕು.

ಕ್ಯಾನ್‌ಬೆರಾ ಹೊಸಬ

ಇಷ್ಟೆಲ್ಲ ಯಾಕೆ, ಹೊರದೇಶದಿಂದ ಬರುವ ತಯಾರಾದ ಕ್ಯಾಂಪರ್ 35 ಸಾವಿರಕ್ಕೆ ಸಿಗುತ್ತಲ್ಲ? ನೋಡೋಕೆ ಇದಕ್ಕಿಂತ ಚೆನ್ನಾಗಿದೆ.

ಕೆಂಪುಮಣ್ಣು

ಕೀಳು ಅಂತ ಒಂದೇ ಮಾತಲ್ಲಿ ತಳ್ಳಿಹಾಕಲ್ಲ. ನನ್ನ ಗೆಳೆಯ ಅಂಥದ್ದರಲ್ಲೇ ಫ್ಲಿಂಡರ್ಸ್ ಸುತ್ತಿದ್ದಾನೆ, ಖುಷಿಯಾಗಿದ್ದಾನೆ. ತಗೊಂಡರೆ ಬೇರಿಂಗ್, ಬ್ರೇಕ್, ಕಪ್ಲಿಂಗ್ ಇಲ್ಲಿನ ಸಾಮಾನ್ಯ ಅಳತೆಯವಾ ಅಂತ ನೋಡಿ ತಗೊಳ್ಳಿ. ಬೇರಿಂಗ್ ಹೋಗೋದು ಊಡ್ನಡಾಟ ಟ್ರ್ಯಾಕ್ ಶುರುವಾಗುವ ಮಾರೀ ಊರು ದಾಟಿದ ಮೇಲೆ. ಇಲ್ಲಿ ಎಲ್ಲರೂ ಬಳಸುವ ಅಳತೆಯದಾದರೆ ಯಾರೋ ಒಬ್ಬರ ಡಬ್ಬಿಯಲ್ಲಿ ಒಂದು ಸೆಟ್ ಸಿಗುತ್ತೆ.

ವೆರಿಬಿಯವರೇ, ನಾನು ಮೊದಲೇ ಹೇಳಬೇಕಿದ್ದ ಮುಖ್ಯ ಮಾತು ತೂಕ. ಖಾಲಿ ತೂಕ 1,450 ಅಂತ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆಪ್ಷನ್ ಎಲ್ಲ ಸೇರಿ 1,450, ಹೆಚ್ಚೆಂದರೆ 3 ಪರ್ಸೆಂಟ್ ಆಚೀಚೆ, ವೇ ಬ್ರಿಡ್ಜ್ ಚೀಟಿ ತೋರಿಸಿದ ಮೇಲೆ ಕೊನೆ ಕಂತು. ಹೀಗೆ ಬರೆಸಿ. 160 ಲೀಟರ್ ನೀರು ಅಂದರೆ 160 ಕೆಜಿ. 9 ಕೆಜಿಯ ಎರಡು ಗ್ಯಾಸ್. ಹಾಸಿಗೆ, ಅಕ್ಕಿಬೇಳೆ, ಕುರ್ಚಿ, ಹಗ್ಗ, ಜ್ಯಾಕ್, ನಾಲ್ಕು ಜನರ ಬಟ್ಟೆ ಸುಲಭವಾಗಿ 280. ಅಲ್ಲಿಗೆ 1,900 ದಾಟಿತು. ಎಟಿಎಂ 2,200 ಇರೋದರಿಂದ ನಿಮಗೆ ಜಾಗ ಇದೆ, ಸರಿ. ಆದರೆ ಬಿಲ್ಡರ್ 200 ಕೆಜಿ ಜಾಸ್ತಿ ಕಟ್ಟಿಕೊಟ್ಟರೆ ಆ ಜಾಗ ಹೋಯಿತು. ಟೋಬಾಲ್ (ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು) ಮೇಲೆ ಕೂರುವ ತೂಕ ಒಟ್ಟು ತೂಕದ ಹತ್ತನೇ ಒಂದು ಭಾಗದ ಆಸುಪಾಸು ಇರಬೇಕು. ಅದು ಪ್ರಾಡೊದ ಲೋಡ್ ಲೆಕ್ಕಕ್ಕೂ ಸೇರುತ್ತೆ. ಪ್ರಾಡೊದ ಜಿವಿಎಂ, ಅಂದರೆ ಲೋಡ್ ಸೇರಿ ಗಾಡಿಯ ಗರಿಷ್ಠ ತೂಕ, 2,990 ಕೆಜಿ, ನಾಲ್ಕು ಜನ ಕೂತು ರೂಫ್ ರ‍್ಯಾಕ್ ತುಂಬಿದರೆ ಮುಗಿಯುತ್ತೆ ನೋಡಿ.

ಚಕ್ರ ಕೂಡ. ಪ್ರಾಡೊದ್ದೇ ಆರು ಸ್ಟಡ್ (ಚಕ್ರದ ಬೋಲ್ಟ್), 139.7 ಮಿಲಿಮೀಟರ್ ಬೋಲ್ಟ್ ವೃತ್ತದ ಅಳತೆ, ಅದೇ ಟೈರ್ ಸೈಜ್ ಹಾಕಿಸಿ. ಸ್ಟೆಪ್ನಿ ಎರಡಕ್ಕೂ ಆಗುತ್ತೆ. ಇದಕ್ಕೆ ಬಿಲ್ಡರ್ ದುಡ್ಡು ಕೇಳಲ್ಲ, ಮೊದಲೇ ಹೇಳಿದರೆ ಸಾಕು.

ವೆರಿಬಿ ವಾಸಿ

ಹತ್ತು ದಿನ ಆಯಿತು, ಮಾತುಕತೆ ಮುಗಿಯಿತು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ನಾನು 60 ಸಾವಿರಕ್ಕೆ ಇಳಿಸಿ ಅಂತ ಬಾಯಿ ಬಿಡಲೇ ಇಲ್ಲ. 'ನಮ್ಮ ಹತ್ತಿರ ಇಷ್ಟೇ ಇರೋದು, ಇದರಲ್ಲಿ ಗಟ್ಟಿ ಟ್ರೇಲರ್ ಬೇಕು, ಬೇಡದ್ದು ತೆಗೆಯೋಣ' ಅಂದೆ. ಬಿಲ್ಡರ್ ಮುಖ ಅರಳಿತು. ಬಿಡಿಬಿಡಿ ಬೆಲೆಯ ಹಾಳೆ ತಂದು ಮುಂದಿಟ್ಟರು. ಏಸಿ ತೆಗೆದದ್ದಕ್ಕೆ 2,450. ಇನ್ವರ್ಟರ್ 3,000 ವಾಟ್‌ನಿಂದ 1,000ಕ್ಕೆ ಇಳಿಸಿ 1,100. ಜಾರುವ ಅಡುಗೆಮನೆ ಬದಲು ಡ್ರಾಯರ್, 2,300. ಮೋಟಾರ್ ಇರುವ ಆನಿಂಗ್ (ನೆರಳಿನ ಚಪ್ಪರ) ಬದಲು ಕೈಯಲ್ಲಿ ಬಿಚ್ಚೋದು, 1,150. ಹೊರಗಿನ ಟಿವಿ, ಸ್ಪೀಕರ್ 900. ಒಟ್ಟು 7,900 ಇಳಿದು 60,500 ಆಯಿತು.

ಆಮೇಲೆ ಚಾಸಿ ಪ್ರಶ್ನೆ ಕೇಳಿದೆ. ಮೊದಲೇ ಸತು ಬಳಿದ ಪೈಪೇ ಅವರ ಲೆಕ್ಕದಲ್ಲಿದ್ದದ್ದು. ಮುಚ್ಚಿಡಲಿಲ್ಲ, ಕೇಳಿದ ತಕ್ಷಣ ಹೇಳಿದರು. ಪೂರ್ತಿ ಮುಳುಗಿಸೋಕೆ 1,400 ಜಾಸ್ತಿ. ಡ್ರಾಬಾರ್ ಮೊದಲಿನಿಂದಲೂ ಸಸ್ಪೆನ್ಷನ್ ತನಕ ಹೋಗುವ ಡಿಸೈನೇ ಇತ್ತು. ಟ್ಯಾಂಕ್ ರಕ್ಷಣೆಯ ತಗಡು ಮತ್ತು ಮುಂದಿನ ಸ್ಟೋನ್‌ಗಾರ್ಡ್ 600, ಎರಡನೇ ಸ್ಟೆಪ್ನಿ 450. ಹೀಗೆ 2,450 ಸೇರಿ ಕೊನೆಗೆ 62,950. ಬಜೆಟ್ ದಾಟಿತು. ಆದರೂ ಹೆಂಡತಿಯೇ 'ಚಾಸಿ ಬಿಡಬೇಡಿ, ಒಂದು ವರ್ಷ ಇಂಡಿಯಾಗೆ ಹೋಗೋದು ಮುಂದಕ್ಕೆ ಹಾಕೋಣ' ಅಂದಳು.

ಕಂತು: 10 ಪರ್ಸೆಂಟ್ ಕಾರ್ಡ್‌ನಲ್ಲಿ, ಅಂದರೆ 6,295 ಮತ್ತು ಸರ್‌ಚಾರ್ಜ್ 94. ಆಮೇಲೆ 18,885ರ ಮೂರು ಕಂತು: ಚಾಸಿ ಮುಳುಗಿ ಬಂದು ವಿನ್ ಬಿದ್ದ ಮೇಲೆ, ಬಾಡಿ ಕೂತ ಮೇಲೆ, ವೇ ಬ್ರಿಡ್ಜ್ ಚೀಟಿ ನೋಡಿದ ಮೇಲೆ. ಒಪ್ಪಂದದಲ್ಲಿ 'ಉಕ್ಕಿನ ಬೆಲೆ ಏರಿದರೆ ದರ ಬದಲಾಗಬಹುದು' ಅಂತ ಒಂದು ಸಾಲಿತ್ತು. ಎರಡನೇ ಕಂತು ಕಟ್ಟಿದ ಮೇಲೆ ಬದಲಾಗುವ ಹಾಗಿಲ್ಲ ಅಂತ ತಿದ್ದಿಸಿದೆ.

ಎರಡು ವಿಷಯಕ್ಕೆ ಒಪ್ಪಲಿಲ್ಲ. ಪಿಪಿಎಸ್‌ಆರ್ ನೋಂದಣಿ ಬೇಡ, ನಮ್ಮ ಬ್ಯಾಂಕ್ ಒಪ್ಪಲ್ಲ ಅಂದರು. ತಡವಾದರೆ ವಾರಕ್ಕಿಷ್ಟು ದಂಡ ಅನ್ನೋದಕ್ಕೂ ಇಲ್ಲ. ಎಂಟು ವಾರಕ್ಕಿಂತ ತಡವಾದರೆ ನಾವು ರದ್ದು ಮಾಡಿ ಹಣ ವಾಪಸ್ ಕೇಳಬಹುದು ಅನ್ನೋದಕ್ಕೆ ಒಪ್ಪಿದರು. ನನಗೆ ಪಿಪಿಎಸ್‌ಆರ್ ವಿಷಯ ಸ್ವಲ್ಪ ಚುಚ್ಚುತ್ತಿದೆ. ಆದರೆ ಯಾವ ಹೊತ್ತಿಗೂ ನಮ್ಮ ಹಣ ಆಗಿರುವ ಕೆಲಸಕ್ಕಿಂತ ಬಹಳ ಮುಂದೆ ಹೋಗಲ್ಲ ಅಂತ ಸಹಿ ಹಾಕಿದೆ.

ಧಾರವಾಡದಾಂವ

ಛಲೋ ಮಾಡಿದ್ರಿ ಸರ. ಪ್ರತಿ ಕಂತಿಗೂ ಮೊದಲ ಶೆಡ್‌ಗೆ ಹೋಗಿ ಕಣ್ಣಿಂದ ನೋಡಿ ಬರ್ರಿ. ಫೋಟೋ ಬೇರೆಯವರ ಟ್ರೇಲರ್‌ದೂ ಇರಬಹುದು. ವಿನ್ ನಂಬರ್ ಕೈಯಿಂದ ಮುಟ್ಟಿ ನೋಡ್ರಿ.

ಪೀಣ್ಯ ಫ್ಯಾಬ್ರಿಕೇಟರ್

ಚಾಸಿ ಫೋಟೋ ಬಂದಾಗ ಇಲ್ಲಿ ಹಾಕಿ, ವೆಲ್ಡ್ ನೋಡಿ ಹೇಳ್ತೀನಿ.

ವೆರಿಬಿ ವಾಸಿ

ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. 22 ವಾರ ಅಂದದ್ದು 27 ಆಯಿತು. ಮೂರು ಸಲ ಶೆಡ್‌ಗೆ ಹೋದೆ, ಮೂರು ಸಲವೂ ವಿನ್ ಮುಟ್ಟಿ ನೋಡಿದೆ. ಚಾಸಿ ಮೂಲೆಯಲ್ಲಿ ಗಾಳಿಯ ತೂತುಗಳಿವೆ. ಪೀಣ್ಯದವರು ಫೋಟೋ ನೋಡಿ ಎಡಗಡೆಯ ಒಂದು ವೆಲ್ಡ್ ಬಗ್ಗೆ ಅನುಮಾನ ಹೇಳಿದ್ದರು. ಬಿಲ್ಡರ್‌ಗೆ ತೋರಿಸಿದೆ, ಎರಡು ಮಾತಾಡದೆ ಮುಳುಗಿಸುವ ಮೊದಲೇ ಉಜ್ಜಿ ಮತ್ತೆ ವೆಲ್ಡ್ ಮಾಡಿದರು. ಸಾವಿರಾರು ಮೈಲಿ ದೂರ ಕೂತು ನನ್ನ ಮಕ್ಕಳು ಮಲಗುವ ಗಾಡಿಯನ್ನು ನೋಡಿಕೊಟ್ಟಿರಿ, ಈ ಋಣ ಹೇಗೆ ತೀರಿಸಲಿ ಗೊತ್ತಿಲ್ಲ.

ವೇ ಬ್ರಿಡ್ಜ್‌ನಲ್ಲಿ ಖಾಲಿ ತೂಕ 1,478 ಬಂತು, 3 ಪರ್ಸೆಂಟ್ ಒಳಗೆ. ಟೋಬಾಲ್ ಮೇಲೆ 148. ಬ್ಯಾಟರಿ ಹೊರಗಿನ ಪೆಟ್ಟಿಗೆಯಲ್ಲಿದೆ. ಕೊನೆ ಕಂತು ಅಲ್ಲೇ ನಿಂತು ಕಟ್ಟಿದೆ. ಬಿಲ್ಡರ್ ಕೈಕುಲುಕಿ, ಬೇರಿಂಗ್ ಒಂದು ಸೆಟ್ ಮತ್ತು ಗ್ರೀಸ್ ಡಬ್ಬಿ ತಾವಾಗಿಯೇ ಕೊಟ್ಟರು. ಸಾವಿರ ಕಿಲೋಮೀಟರ್ ಆದಮೇಲೆ ತನ್ನಿ, ಬೋಲ್ಟ್ ಬಿಗಿ ಮಾಡಿಕೊಡ್ತೇನೆ ಅಂದರು.

ಮುಂದಿನ ಶನಿವಾರ ಹೊರಡ್ತೇವೆ. ಮಾರೀ, ಕವರ್ಡ್ ಸ್ಪ್ರಿಂಗ್ಸ್, ವಿಲಿಯಂ ಕ್ರೀಕ್, ಊಡ್ನಡಾಟ, ಮಾರ್ಲಾ. ಕುಲುಕಾಟದ ರಸ್ತೆಯಲ್ಲಿ ಟ್ರೇಲರ್ ಟೈರ್‌ಗೆ ಎಷ್ಟು ಗಾಳಿ ಇಡಲಿ?

ಕೆಂಪುಮಣ್ಣು

ನಿಮ್ಮ ತೂಕಕ್ಕೆ 26 ಪಿಎಸ್‌ಐನಿಂದ ಶುರು ಮಾಡಿ, ವೇಗ 70 ದಾಟಬೇಡಿ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಟೈರ್ ಮತ್ತು ಹಬ್ ಹತ್ತಿರ ಕೈ ಒಡ್ಡಿ ನೋಡಿ. ಎರಡು ಕಡೆಯ ಬಿಸಿ ಒಂದೇ ಇರಬೇಕು. ಮಳೆ ಬಿದ್ದು ರಸ್ತೆ ಮುಚ್ಚಿದರೆ ಹಟ ಮಾಡಬೇಡಿ, ವಿಲಿಯಂ ಕ್ರೀಕ್‌ನಲ್ಲೇ ಇರಿ.

ಅಡಿಲೇಡ್ ಅಕ್ಕ

ಪೋರ್ಟ್ ಆಗಸ್ಟಾಗೆ ಮುಂಚೆ ನಮ್ಮ ಮನೆಗೆ ಬಂದು ಒಂದು ರಾತ್ರಿ ಇದ್ದು ಹೋಗಿ. ಚಟ್ನಿಪುಡಿ, ಹುರಿಗಾಳು ಮಾಡಿಟ್ಟಿರ್ತೀನಿ. ಒಲೆ ಮೇಲೆ ಕಾವಲಿ ಕೂತಿತಾ?

ವೆರಿಬಿ ವಾಸಿ

ಖಂಡಿತ ಬರ್ತೇವೆ ಅಕ್ಕ. ಹೆಂಡತಿ ಪಕ್ಕದಲ್ಲೇ ಇದ್ದಾಳೆ, ಹೇಳಿಸ್ತಿದ್ದಾಳೆ: ಹನ್ನೆರಡು ಇಂಚಿನ ಕಾವಲಿ ಕೂತಿದೆ, ಪಕ್ಕದಲ್ಲಿ ಐದು ಲೀಟರ್ ಕುಕ್ಕರೂ ಕೂತಿದೆ. ನಿನ್ನೆ ಮನೆ ಮುಂದೆಯೇ ನಿಲ್ಲಿಸಿ ಮಕ್ಕಳಿಗೆ ಮೊದಲ ದೋಸೆ ಹುಯ್ದು ಕೊಟ್ಟಳು.